ಚಿಕ್ಕರಂಗಯ್ಯನವರ ಭಕ್ಷೀಸು

ನಮ್ಮೂರಿಗೆ ಬಂದವರ ಕೈಗೆ ರೂಮಿನ ಬೀಗದಕೈ ಕೊಡುವಾಗಲೇ ನಾನು ಒಂದು ಮಾತು ಹೇಳಿಬಿಡುತ್ತೇನೆ: "ಇಲ್ಲಿ ಯಾರಿಗೂ ಭಕ್ಷೀಸು ಕೊಡಲೇಬೇಕು ಅಂತಿಲ್ಲ ಸ್ವಾಮಿ. ಕೊಟ್ರೆ ಮಾತ್ರ ಸರಿಯಾಗಿ ಕೊಡಿ." ಬಂದವರು ನಗುತ್ತಾರೆ. ಲಾಡ್ಜಿನವನು ತನ್ನ ಆಳುಗಳಿಗೆ ವಸೂಲಿ ಮಾಡಿಸುವ ಉಪಾಯ ಹೂಡಿದ್ದಾನೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಹೇಳುವುದು ನನ್ನ ಧರ್ಮ, ಕೇಳುವುದು ಬಿಡುವುದು ಅವರ ಕರ್ಮ.

ಹೋದ ಬೇಸಿಗೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಕ್ಷೌರದ ಮುನಿಯಪ್ಪನ ಅಂಗಡಿಯಲ್ಲಿ ನುಣ್ಣಗೆ ಗಡ್ಡ ತೆಗೆಸಿಕೊಂಡು, ತಲೆಗೆ ಎಣ್ಣೆ ತಿಕ್ಕಿಸಿಕೊಂಡು, ಕೂಲಿಯ ಮೇಲೆ ಒಂದು ರೂಪಾಯಿ ಬಿಸಾಕಿ ಎದ್ದ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಗಡ್ಡ ಮೊದಲಿದ್ದಷ್ಟೇ ಬೆಳೆದು ನಿಂತಿತ್ತು. ಕಡಿಮೆ ಕೊಟ್ಟರೆ ಹಾಗೆ, ಮಾಡಿದ ಕೆಲಸ ಮಾಡದ ಹಾಗಾಗುತ್ತದೆ. ಜಾಸ್ತಿ ಕೊಟ್ಟರೆ ಇನ್ನೊಂದು ಥರ. ಹೊಸದಾಗಿ ಮದುವೆಯಾದ ಜೋಡಿಯೊಂದು ಖುಷಿಯಲ್ಲಿ ದೋಣಿಯ ಮಾರನ ಜೇಬಿಗೆ ಸಾವಿರ ರೂಪಾಯಿ ತುರುಕಿತು. ಪಾಪ, ಮಾರ ಮೂರು ದಿನ ಅವರನ್ನು ಬಿಟ್ಟು ಕದಲಲಾಗದೆ, ಅವರು ಬೇಡವೆಂದರೂ ಕೂರಿಸಿಕೊಂಡು ಕೆರೆಯ ಸುತ್ತ ಹುಟ್ಟು ಹಾಕುತ್ತಲೇ ಇದ್ದ. ಅವನ ಹೆಂಡತಿ ದಡಕ್ಕೆ ಬುತ್ತಿ ಹೊತ್ತು ತಂದು, ಗಂಡನಿಗೆ ಮುದ್ದೆ, ಜೋಡಿಗೆ ಬೈಗುಳ, ಎರಡನ್ನೂ ಹೊಟ್ಟೆ ತುಂಬ ಬಡಿಸಿ ಹೋಗುತ್ತಿದ್ದಳು.

ವಾಪಸ್ ಕೊಟ್ಟರಾಯಿತಲ್ಲ ಎನ್ನುತ್ತೀರಿ. ಆಗುವುದಿಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ. ಎಷ್ಟು ಕೊಟ್ಟರೆ ಸರಿ ಎಂದರೆ ಅದೂ ಯಾರಿಗೂ ಗೊತ್ತಿಲ್ಲ. ಒಂದೇ ಕಾಫಿ, ಸುಮ್ಮನೆ ಕೂತವನಿಗೆ ಕೊಟ್ಟರೆ ಎರಡು ರೂಪಾಯಿ ಸರಿ. ಜ್ವರ ಬಂದು ಮಲಗಿದವನಿಗೆ ಮಹಡಿ ಹತ್ತಿ ಕೊಟ್ಟರೆ ಇಪ್ಪತ್ತೂ ಸಾಲದು. ಅದಕ್ಕೇ ನಮ್ಮ ಜನ ಕೈಯನ್ನು ಅರ್ಧ ಮಡಚಿಕೊಂಡೇ ಒಡ್ಡುತ್ತಾರೆ. ಮನೆಯಲ್ಲಿ ಏನಾದರೂ ಕಾರ್ಯವಿದ್ದ ದಿನ ಒಡ್ಡುವುದೇ ಇಲ್ಲ.

ಇಂಥ ಊರಿಗೆ ಚಿಕ್ಕರಂಗಯ್ಯ, ಅವರ ಹೆಂಡತಿ ಸಣ್ಣಮ್ಮ, ಒಂದು ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಬಂದಿಳಿದರು. ಚಿಕ್ಕರಂಗಯ್ಯ ಮೂವತ್ತೆಂಟು ವರ್ಷ ಯಾವುದೋ ಪೇಟೆಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದು, ಹಿಂದಿನ ತಿಂಗಳಷ್ಟೇ ಕೆಲಸ ಬಿಟ್ಟವರು. ಗಂಡಹೆಂಡಿರಿಬ್ಬರೂ ಒಟ್ಟಿಗೆ ಮಾಡಿದ ಮೊದಲ ಪ್ರವಾಸ ಅದು. ನಾನು ನನ್ನ ಮಾಮೂಲಿ ಮಾತು ಹೇಳಿದಾಗ ಚಿಕ್ಕರಂಗಯ್ಯ ನಗಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, "ಬೋರಣ್ಣ, ಟಿಪ್ಸ್ ವಿಷಯ ನಂಗ್ ಹೇಳ್ಕೊಡ್ತೀರಾ? ಮೀನಿಗೆ ಈಜು ಕಲಿಸ್ದಂಗಾಯ್ತು" ಎಂದರು.

ಮನುಷ್ಯ ಹೇಳಿದ್ದು ಸುಳ್ಳೇನಲ್ಲ. ಸಂಜೆ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ಅವರು ಹೇಳಿದ್ದನ್ನೆಲ್ಲ ಬರೆದಿಟ್ಟರೆ ಅದೇ ಒಂದು ಶಾಸ್ತ್ರವಾಗುತ್ತದೆ. ಸೋಂಪಿನ ತಟ್ಟೆ ಬಂದ ಮೇಲೆ ಜೇಬು ತಡಕುವವನು ಕೊಡುವುದಿಲ್ಲ, ಮೊದಲೇ ಚಿಲ್ಲರೆ ತೆಗೆದಿಟ್ಟುಕೊಂಡವನು ಕೊಡುತ್ತಾನೆ. ಬೈಟೂ ಕಾಫಿ ಕುಡಿಯುವ ಮುದುಕರು ದಿನಾ ಎಂಟಾಣೆ ಇಟ್ಟೇ ಏಳುತ್ತಾರೆ. ಜರಿ ಪಂಚೆಯವರು ಮಕ್ಕಳ ಮುಂದೆ ಮಾತ್ರ ಇಡುತ್ತಾರೆ. ಕೊಡುವುದಾದರೆ ಕೈಗೆ ಕೊಡಬಾರದು, ತಟ್ಟೆಯ ಕೆಳಗೆ ಮಡಚಿ ಇಡಬೇಕು. ಯಾಕೆಂದರೆ ಕೈ ಒಡ್ಡುವ ಸಂಕಟ ಒಡ್ಡಿದವನಿಗೇ ಗೊತ್ತು. ತೆಗೆದುಕೊಂಡವನೂ ಗಿರಾಕಿ ಎದುರಿಗೆ ಬಿಚ್ಚಿ ನೋಡಬಾರದು. "ಇಷ್ಟ್ ವರ್ಷ ಈಸ್ಕೊಂಡ್ ಕೈ ಬೋರಣ್ಣ ಇದು. ಇನ್ನು ನಾಕ್ ದಿನ ಕೊಡೋ ಕೈ. ಕೆಲಸ ಬಿಟ್ಟ ದಿನಾನೇ ಮನೆ ಬಾಗ್ಲ ಹೊಸ್ತಿಲು ಮುಟ್ಟಿ ಹೇಳಿವ್ನಿ, ಇನ್ ಯಾರ್ ಮುಂದೂ ಒಡ್ಡಾಕಿಲ್ಲ ಅಂತ."

ಸಣ್ಣಮ್ಮ ಪಕ್ಕದಲ್ಲೇ ಹೂ ಕಟ್ಟುತ್ತ ಕೂತಿದ್ದರು. "ಕೊಡೋ ಕೈ ಅಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದ್ರೆ ಪಕ್ಕದ್ ಮನೆ ಚಾಪೇಗೂ ಚಾಚ್ತಾರೆ ಇವ್ರು" ಎಂದರು. ಮೊದಲ ದಿನ ಆಯಮ್ಮನ ಕಣ್ಣ ಕಾವಲಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು.

ಎರಡನೆಯ ದಿನ ಬೆಳಿಗ್ಗೆ ಕೆರೆ ದಂಡೆಗೆ ಹೋದರು. ಅಲ್ಲಿ ದೇವೀರಿಯ ಬಜ್ಜಿ ಅಂಗಡಿ ಇದೆ. ಎರಡು ಬೆಂಚು, ಒಂದು ಬಾಣಲೆ, ಮೇಲೊಂದು ತಗಡು. ದೇವೀರಿ ಅವತ್ತು ಅಂಗಡಿ ತೆಗೆದದ್ದೇ ಹೆಚ್ಚು. ಕೆರೆಯಾಚೆಯ ಹಟ್ಟಿಯಲ್ಲಿ ಅವಳ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಮೂರು ಗಂಟೆಗೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಜ್ಜಿಯಾದ ಇವಳೇ. ಮೂರು ಸಲ ಬಸಿರು ನಿಲ್ಲದೆ ಹೋಗಿ, ನಾಲ್ಕನೆಯದಾಗಿ ಉಳಿದ ಕೂಸು ಅದು. ಹನ್ನೆರಡಕ್ಕೆ ಬಾಗಿಲು ಹಾಕಿ ದೋಣಿ ಹತ್ತುತ್ತೇನೆ ಎಂದು ಎಲ್ಲರಿಗೂ ಹೇಳಿ, ಬೆಳಗಿನಿಂದ ಯಾರ ಕೈಯಿಂದಲೂ ಭಕ್ಷೀಸು ಮುಟ್ಟದೆ ಜೋಪಾನವಾಗಿದ್ದಳು.

ಅವಳು ಮಾಡಿದ್ದು ಇಷ್ಟೇ. ಸಣ್ಣಮ್ಮ ಕೂರುವ ಮೊದಲು ಸೆರಗಿನಿಂದ ಬೆಂಚು ಒರೆಸಿದಳು. ಚಿಕ್ಕರಂಗಯ್ಯ ಅಭ್ಯಾಸಬಲದಿಂದ ತಟ್ಟೆ ತೆಗೆದುಕೊಳ್ಳಲು ಎದ್ದಾಗ, "ನೀವ್ ಕೂತ್ಕಳಣ್ಣ, ಓಡಾಡಿ ಸಾಕಾದಂಗ್ ಕಾಣ್ತೀರ. ನಾನ್ ತಂದ್ಕೊಡ್ತೀನಿ" ಎಂದಳು. ಕೇಳದೆಯೇ ಎರಡನೆಯ ಸಲ ಚಟ್ನಿ ಹಾಕಿದಳು. ಲಕ್ಷಾಂತರ ತಟ್ಟೆ ಎತ್ತಿದ ಮನುಷ್ಯನಿಗೆ, ಕೂತಲ್ಲಿಗೆ ತಟ್ಟೆ ತಂದುಕೊಟ್ಟು ದಣಿದಿದ್ದೀರಿ ಎಂದವರು ಯಾರೂ ಇರಲಿಲ್ಲ. ಹೆಂಡತಿ ಕೈ ತೊಳೆಯಲು ಅತ್ತ ಹೋದದ್ದೇ ತಡ, ಐನೂರರ ನೋಟೊಂದನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯ ಕೆಳಗೆ ಇಟ್ಟು, ಮುಖ ತಿರುಗಿಸಿ ಕೂತರು. ಬಜ್ಜಿಯ ಬೆಲೆಯೇ ಇರಬೇಕೆಂದು ದೇವೀರಿ ಬಿಚ್ಚಿ ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹನ್ನೆರಡಾಯಿತು. ದೇವೀರಿ ಒಲೆ ಆರಿಸಿ, ಹೊಸ ಸೀರೆಯ ಗಂಟು ಎತ್ತಿಕೊಂಡು ದೋಣಿಯ ಕಡೆ ಎರಡು ಹೆಜ್ಜೆ ಹಾಕಿದಳು. ಮೂರನೆಯ ಹೆಜ್ಜೆ ಹಿಂದಕ್ಕೆ ಬಂತು. ನಾಲ್ಕನೆಯದೂ ಹಿಂದಕ್ಕೇ. ನೋಡುನೋಡುತ್ತಿದ್ದಂತೆ ಅವಳ ಕಾಲು ಅವಳನ್ನು ಎಳೆದುಕೊಂಡು ಹೋಗಿ, ಅರಳಿಮರದ ಕೆಳಗೆ ಕೂತಿದ್ದ ಚಿಕ್ಕರಂಗಯ್ಯನವರ ಮುಂದೆ ನಿಲ್ಲಿಸಿತು. ಕೈ ತಾನಾಗಿ ಅವರ ಲೋಟಕ್ಕೆ ನೀರು ಬಗ್ಗಿಸಿತು. ಸೊಂಟದ ನೋಟು ಬಿಚ್ಚಿ ನೋಡಿದವಳೇ, "ಅಯ್ಯೋ ಶಿವನೇ! ಏನ್ ಮಾಡ್ಬಿಟ್ರಣ್ಣ!" ಎಂದು ಕೂಗಿಕೊಂಡಳು.

"ಯಾಕ್ ತಾಯಿ, ಕಮ್ಮಿ ಆಯ್ತಾ?" ಎಂದರಂತೆ ಪುಣ್ಯಾತ್ಮ.

ಸುದ್ದಿ ನನಗೆ ಮುಟ್ಟಿ ನಾನು ಓಡಿ ಬರುವಷ್ಟರಲ್ಲಿ ದೇವೀರಿ ಮತ್ತೆ ಒಲೆ ಹಚ್ಚಿದ್ದಳು. ಐನೂರರಷ್ಟೂ ತಿಂದು ಮುಗಿಸಿಬಿಟ್ಟರೆ ಋಣ ಹರಿಯುತ್ತದೆ ಎಂದು ಚಿಕ್ಕರಂಗಯ್ಯ ಬಜ್ಜಿಯ ಮೇಲೆ ಬಜ್ಜಿ ತಿನ್ನುತ್ತಿದ್ದರು. ಹದಿನಾಲ್ಕನೆಯದಕ್ಕೆ ಕಣ್ಣು ಮೇಲೆ ಮಾಡಿದರು. ದೇವೀರಿ ಅಳುತ್ತ ಕರಿಯುತ್ತಿದ್ದಳು, ಅಳುತ್ತ ಗಾಳಿ ಬೀಸುತ್ತಿದ್ದಳು. ಸಣ್ಣಮ್ಮ ಹಣೆ ಚಚ್ಚಿಕೊಂಡು, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ನನ್ ಕಣ್ ತಪ್ಪಿಸ್ಬೇಡಿ ಅಂದಿದ್ನಲ್ರೀ" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ನಾನೂ ಹಟ್ಟಿಗೆ ಬರ್ತೀನಿ ಬಿಡವ್ವ, ನನ್ ಹಿಂದೇನೇ ನೀನೂ ಬಂದ್ರಾಯ್ತಲ್ಲ" ಎಂದರು ಚಿಕ್ಕರಂಗಯ್ಯ.

"ಬಂದು ಏನ್ ಮಾಡ್ಲಣ್ಣ? ಕೂಸು ಎತ್ಕೊಳ್ಳೋಕ್ ಹೋದ್ ಕೈ ನಿಮಗ್ ನೀರ್ ತರಕ್ ಹೋಯ್ತದೆ. ಅದರ ಕಿವಿಗ್ ಹೆಸರು ಹೇಳಕ್ ಬಗ್ಗಿದ್ರೆ, ನಿಮ್ಮ ಕಿವೀಲಿ ಇನ್ನೇನ್ ಬೇಕು ಅಂತ ಕೇಳ್ತದೆ ಈ ಬಾಯಿ" ಎಂದು ದೇವೀರಿ ಬಿಕ್ಕಿದಳು. ನಾನು ಹುಟ್ಟಿದಾಗಿನಿಂದ ನೋಡಿದ ಹೆಂಗಸು. ಗಂಡ ಸತ್ತಾಗಲೂ ಹೀಗೆ ಅತ್ತದ್ದು ನೋಡಿರಲಿಲ್ಲ.

ಇದಕ್ಕೆ ನಮ್ಮೂರಿನಲ್ಲಿ ಇರುವ ದಾರಿ ಒಂದೇ. ನಾನು ಹೇಳಿದೆ. ಆ ಐನೂರು ವಾಪಸ್ ಕೊಟ್ಟರೆ ನಡೆಯುವುದಿಲ್ಲ, ಆದರೆ ಭಕ್ಷೀಸಾಗಿ ಕೊಟ್ಟರೆ ನಡೆಯುತ್ತದೆ. ಚಿಕ್ಕರಂಗಯ್ಯ ದೇವೀರಿಯ ಕೈ ಕೆಳಗೆ ಏನಾದರೂ ಕೆಲಸ ಮಾಡಬೇಕು. ಅವಳು ಮೆಚ್ಚಿ, ಅದೇ ನೋಟನ್ನು ಅವರ ಕೈಗೆ ಹಾಕಬೇಕು. ಅವರು ಕೈ ಒಡ್ಡಿ ತೆಗೆದುಕೊಳ್ಳಬೇಕು; ಅದೇ ನೋಟು ತಿರುಗಿ ಹೋಗುವಾಗ ಕೈಯಿಂದ ಕೈಗೇ ಹೋಗಬೇಕು, ತಟ್ಟೆಯ ಕೆಳಗಿನ ಆಟ ಸಾಗದು.

ಚಿಕ್ಕರಂಗಯ್ಯ ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಅದೊಂದ್ ಬಿಟ್ಟು ಬೇರೆ ಏನಾದ್ರೂ ಹೇಳಿ ಬೋರಣ್ಣ" ಎಂದರು.

"ಬೇರೆ ಇಲ್ಲ ಯಜಮಾನ್ರೇ."

ಅವರು ಯಾರ ಮುಖವನ್ನೂ ನೋಡದೆ ಹೇಳಿದರು. ಬಹಳ ವರ್ಷದ ಹಿಂದಿನ ಮಾತು. ಊಟ ಮುಗಿಸಿದ ಗಿರಾಕಿಯೊಬ್ಬ, ಗೆಳೆಯರನ್ನು ನಗಿಸಲಿಕ್ಕೆ, ಕೈ ಅದ್ದಿದ ನೀರಿನ ಲೋಟದೊಳಕ್ಕೆ ಐದರ ಬಿಲ್ಲೆಯೊಂದನ್ನು ಹಾಕಿ, 'ಬೇಕಾದ್ರೆ ತಗೋ' ಎಂದನಂತೆ. ಮನೆಯಲ್ಲಿ ಮಗಳಿಗೆ ಜ್ವರ. ಇವರು ಎಂಜಲು ನೀರಿಗೆ ಬೆರಳು ಹಾಕಿ ತೆಗೆದುಕೊಂಡರಂತೆ. ಮೇಜಿನ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರಂತೆ. "ಆವತ್ತಿಂದ ಕೈ ಒಡ್ಡಿದಾಗೆಲ್ಲ ಬೆರಳು ಒದ್ದೆ ಆದಂಗಾಗೋದು. ಕೆಲಸ ಬಿಟ್ಟ ಮೇಲೇ ಒಣಗಿದ್ದು ಕಣಪ್ಪ. ಇನ್ನೊಂದ್ಸಲ ಆಗಾಕಿಲ್ಲ ನನ್ ಕೈಲಿ."

ದೇವೀರಿ ಬೀಸಣಿಗೆ ಆಡಿಸುತ್ತಲೇ ಇದ್ದಳು, ಅವಳ ಕೈ ನಿಲ್ಲುವ ಹಾಗಿರಲಿಲ್ಲ. ಆದರೆ ಬಾಯಿ ಬಿಟ್ಟು ಒಂದು ಮಾತೂ ಒತ್ತಾಯ ಮಾಡಲಿಲ್ಲ. ಸಣ್ಣಮ್ಮ ಎದ್ದು ಬಂದು ಗಂಡನ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಆ ಬಿಲ್ಲೆ ನೀವು ನಂಗ್ ತಂದ್ಕೊಟ್ರಿ. ನಾನು ತೊಳ್ದು, ಸೆರಗಲ್ಲಿ ಒರೆಸಿ, ಔಷಧಿ ಅಂಗಡಿಗೆ ಕೊಟ್ಟೆ. ಮಗೀಗೆ ಜ್ವರ ಬಿಡ್ತು. ನಂಗ್ ಒಂದಿನಾನೂ ಅದು ಎಂಜಲು ಅನ್ನಿಸ್ಲಿಲ್ಲ ಕಣ್ರೀ. ಹಾಕ್ದೋನ್ ಕೈ ಎಂಜಲು, ತೆಗ್ದೋರದಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಇವಳೇನ್ ನೀರೊಳಗ್ ಹಾಕಿ ಕೊಡ್ತಾಳಾ? ಏಳಿ, ಹೊತ್ತಾಯ್ತದೆ ಅಲ್ಲಿ ಕೂಸಿಗೆ" ಎಂದರು.

ಚಿಕ್ಕರಂಗಯ್ಯ ಎದ್ದರು. ಹೆಗಲ ಟವೆಲು ಕೊಡವಿ ಸೊಂಟಕ್ಕೆ ಬಿಗಿದರು. ಅದೇ ಹೊತ್ತಿಗೆ ಪ್ರವಾಸಿಗಳ ಬಸ್ಸೊಂದು ಬಂದು, ನಲವತ್ತು ಜನ ಹಸಿದು ಇಳಿದರು. ಮುಂದೆ ಒಂದು ಗಂಟೆ ನಾನು ಕಂಡದ್ದನ್ನು ಏನೆಂದು ಹೇಳಲಿ! ಹಿಂದಿನ ದಿನ ಬಸ್ಸಿಳಿದಾಗಿನಿಂದ ಸ್ವಲ್ಪ ಕುಂಟುತ್ತಿದ್ದ ಮನುಷ್ಯ ಚಕ್ರದ ಹಾಗೆ ತಿರುಗಿದರು. ಒಂದು ತೋಳಿನ ಮೇಲೆ ಒಂಬತ್ತು ತಟ್ಟೆ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ನಾಲ್ಕು ಲೋಟ. "ಮೆಣಸಿನ್ಕಾಯಿ ಎರಡು, ಈರುಳ್ಳಿ ಮೂರು, ಚಾ ಆರು, ಅದರಾಗೊಂದು ಸಕ್ಕರೆ ಕಮ್ಮೀ!" ಎಂದು ಅವರು ಎಳೆದು ಕೂಗಿದರೆ ಜನ ಆರ್ಡರ್ ಮರೆತು ಕೇಳುತ್ತ ನಿಂತರು. ಯಾರು ಏನು ಹೇಳಿದ್ದರೆಂದು ಒಬ್ಬರನ್ನೂ ಎರಡನೆಯ ಸಲ ಕೇಳಲಿಲ್ಲ. ಒಬ್ಬ ಅಜ್ಜನ ಕೈ ನಡುಗುವುದನ್ನು ಕಂಡು ಅರ್ಧ ಲೋಟ ಚಹಾ ಎರಡು ಸಲ ಕೊಟ್ಟರು. ಸಣ್ಣಮ್ಮ ಅರಳಿಮರದ ಕೆಳಗಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಹೋಟ್ಲಿಗೆ ನಾನ್ ಒಂದಿನಾನೂ ಹೋಗಿರ್ಲಿಲ್ಲ ಬೋರಣ್ಣ. ಸಪ್ಲೈಯರ್ ಹೆಂಡ್ತಿ ಬಂದು ಕೂತ್ಕಂಡ್ಲು ಅಂತಾರೆ ಅಂತ ಇವರೇ ಬೇಡ ಅಂದಿದ್ರು. ಇಷ್ಟ್ ಚಂದಾಗ್ ಮಾಡ್ತಾರೆ ಅಂತ ಯಾರೂ ನಂಗ್ ಹೇಳಲೇ ಇಲ್ಲ" ಎಂದರು.

ಬಸ್ಸು ಹೋಯಿತು. ದೇವೀರಿ ಒದ್ದೆ ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು ನೋಟು ತೆಗೆದಳು. "ಅಣ್ಣ, ನನ್ ಅಂಗಡಿ ಹುಟ್ಟಿದಾಗಿಂದ ಇಂಥ ಕೆಲಸ ನೋಡಿಲ್ಲ. ಬೇಡ ಅನ್ಬೇಡಿ" ಎಂದು, ಹಿರಿಯರಿಗೆ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದಳು. ಚಿಕ್ಕರಂಗಯ್ಯನವರ ಬಲಗೈ ಮೇಲೆದ್ದದ್ದು ನಾನು ನೋಡಿದೆ. ನಡುವೆ ಒಂದು ಸಲ ನಿಂತಿತು, ಮತ್ತೆ ಮುಂದೆ ಬಂತು. ನೋಟು ತೆಗೆದುಕೊಂಡು, ಬೆರಳಿನಲ್ಲಿ ಸವರಿ, "ಒಣಗೈತೆ" ಎಂದರು. ದೇವೀರಿಯ ಕಾಲು ಬಿಡುಗಡೆಯಾಯಿತು.

ಬಿಡುಗಡೆಯಾದದ್ದೇನೋ ಆಯಿತು. ಆದರೆ ಎಷ್ಟೇ ಚೆನ್ನಾಗಿ ಮಾಡಿದರೂ ಒಂದು ಗಂಟೆಯ ಕೆಲಸಕ್ಕೆ ಐನೂರು ಜಾಸ್ತಿಯೇ ಅಲ್ಲವೇ? ದೇವೀರಿ ದೋಣಿಯ ಕಡೆ ಓಡಿದರೆ, ಚಿಕ್ಕರಂಗಯ್ಯನವರ ಕಾಲು ಅವಳ ಹಿಂದೆಯೇ ಓಡಿತು. "ಏ ಸಣ್ಣೀ, ಬಾರೇ! ನನ್ ಕಾಲು ನನ್ ಮಾತು ಕೇಳ್ತಿಲ್ಲ!" ಎಂದು ಅವರು ಕೂಗುತ್ತ ಹೋಗಿ ದೋಣಿ ಹತ್ತಿದರು, ಹಿಂದೆ ಸಣ್ಣಮ್ಮ, ಅವರ ಹಿಂದೆ ನಾನು. ಲಾಡ್ಜಿಗೆ ಬೀಗ ಹಾಕಲಿಕ್ಕೂ ಪುರಸೊತ್ತಾಗಲಿಲ್ಲ.

ಹಟ್ಟಿ ಮುಟ್ಟಿದಾಗ ಮೂರಕ್ಕೆ ಐದು ನಿಮಿಷವಿತ್ತು. ದೇವೀರಿ ಹೊಸ ಸೀರೆ ಉಡಲೂ ನಿಲ್ಲದೆ, ಎಣ್ಣೆ ಕಮಟಿನ ಸೀರೆಯಲ್ಲೇ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಿದಳು. ನಾಲ್ಕನೆಯ ಸಲ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದಳು. ಬಾಗಿಲಲ್ಲಿ ನಿಂತ ಚಿಕ್ಕರಂಗಯ್ಯ, ಕಾಲಿನ ಎಳೆತಕ್ಕೆ ಬಂದವರು, ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಊಟ. ದೇವೀರಿಯ ಮನೆಯ ಕಾರ್ಯ ಎಂದರೆ ದೇವೀರಿಯ ಕೆಲಸವೇ. ಚಿಕ್ಕರಂಗಯ್ಯ ಎಲೆ ಹಾಸಿದರು, ನೀರು ಚಿಮುಕಿಸಿದರು, ಪಲ್ಯ ಕೋಸಂಬರಿ ಹೋಳಿಗೆ ತುಪ್ಪ ಎಲ್ಲವನ್ನೂ ಮೊದಲ ಮೂರು ಪಂಕ್ತಿಗೂ ಬಡಿಸಿದರು. ಹಟ್ಟಿಯ ಮುದುಕಿಯರು ಅವರನ್ನು ಎಳೆದು ನಿಲ್ಲಿಸಿ, ಯಾವೂರಪ್ಪ, ದೇವೀರಿಗೆ ಏನಾಗಬೇಕು ಎಂದು ವಿಚಾರಿಸಿದರು. ದೇವೀರಿಯೇ ಅಡುಗೆ ಕೋಣೆಯಿಂದ, "ನಮ್ಮಣ್ಣ ಕಣ್ರವ್ವ" ಎಂದು ಕೂಗಿ ಹೇಳಿದಳು. ಮೂರನೆಯ ಪಂಕ್ತಿಗೆ ಮಜ್ಜಿಗೆ ಬಡಿಸಿ ಸೌಟು ಕೆಳಗಿಡುವಾಗ ಕಾಲ ಗಂಟು ಸಡಿಲವಾದದ್ದು ತಮಗೇ ಗೊತ್ತಾಯಿತು ಎಂದು ಆಮೇಲೆ ಅವರು ಹೇಳಿದರು. ಐನೂರು ತೀರಿತ್ತು.

ನಾಲ್ಕನೆಯದು ಕೊನೆಯ ಪಂಕ್ತಿ, ಉಳಿದವರು ನಾಲ್ಕೈದು ಜನ. ಆ ತನಕ ಹೆಂಗಸರ ನಡುವೆ ಮುದುಡಿ ಕೂತಿದ್ದ ಸಣ್ಣಮ್ಮ ಎದ್ದು ಬಂದು ಒಂದು ಎಲೆಯ ಮುಂದೆ ಕೂತರು. ಚಿಕ್ಕರಂಗಯ್ಯ ಹೋಳಿಗೆಯ ತಟ್ಟೆ ಹಿಡಿದು ಬಂದರು. ಕಾಲಿಗೆ ಯಾವ ಕಟ್ಟೂ ಇರಲಿಲ್ಲ, ಬಡಿಸಲೇಬೇಕೆಂದೂ ಇರಲಿಲ್ಲ. ಆದರೂ ಹೆಂಡತಿಯ ಮುಂದೆ ಬಗ್ಗಿ, "ಏನ್ ಹಾಕ್ಲಿ ಅಮ್ಮಾವ್ರೇ?" ಎಂದರು. ಸುತ್ತ ಇದ್ದವರು ನಕ್ಕರು.

ಸಣ್ಣಮ್ಮ ನಗಲಿಲ್ಲ. ರವಿಕೆಯೊಳಗಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಅದರಲ್ಲಿದ್ದ ಅಷ್ಟೂ ಹಣವನ್ನು ಗಂಡನ ಕೈಗೆ ಹಾಕಿದರು.

"ಏಯ್, ಏನೇ ಇದು! ಬಸ್ ಚಾರ್ಜು ಕಣೇ ಇದು! ಒಂದು ಹೋಳಿಗೆಗೆ ಇಷ್ಟೊಂದಾ? ಜಾಸ್ತಿ ಆಯ್ತದೆ, ಗೊತ್ತಾಗಾಕಿಲ್ವಾ ನಿಂಗೆ? ಬೆಳಗ್ಗಿಂದ ನೋಡ್ಲಿಲ್ವಾ?"

"ನೋಡ್ದೆ. ನೋಡೇ ಕೊಟ್ಟಿದ್ದು. ಮೂವತ್ತೆಂಟು ವರ್ಷ ನೀವು ಬೆಳಗ್ಗೆ ಐದಕ್ ಹೋಗಿ, ಊರೋರ್ಗೆಲ್ಲ ಬಡಿಸಿ, ನಾನ್ ಮಲಗಿದ್ ಮೇಲೆ ಬಂದು, ಅಡಿಗೆ ಮನೇಲಿ ನಿಂತ್ಕಂಡೇ ತಿಂದ್ರಿ. ನಾನ್ ಒಬ್ಳೇ ಉಂಡೆ. ಈಗ ನನ್ ಕೆಲಸ ಮಾಡಿ."

"ಏನ್ ಮಾಡ್ಬೇಕ್ ಹೇಳು."

"ಆ ತಟ್ಟೆ ಕೆಳಗಿಟ್ಟು, ಇಲ್ಲಿ ನನ್ ಪಕ್ಕ ಕೂತ್ಕಂಡು ಊಟ ಮಾಡಿ."

ಚಿಕ್ಕರಂಗಯ್ಯ ಕೂತರು. ಕೂರುವುದಕ್ಕೂ ಅವರಿಗೆ ಸರಿಯಾಗಿ ಬರಲಿಲ್ಲ. ಕಾಲು ಎತ್ತ ಮಡಚಬೇಕೆಂದು ತಿಳಿಯದೆ ಸ್ವಲ್ಪ ಒದ್ದಾಡಿದರು. ನಾನು ಅವರ ಮುಂದೆ ಎಲೆ ಹಾಕಿ, ಹೋಳಿಗೆ ಇಟ್ಟು, ತುಪ್ಪ ಬಿಟ್ಟೆ. ಅವರ ಕೈ ತಟಕ್ಕನೆ ಜೇಬಿಗೆ ಹೋಯಿತು. ಸಣ್ಣಮ್ಮ ಆ ಮಣಿಕಟ್ಟು ಹಿಡಿದುಕೊಂಡು, "ನೆಂಟರ ಮನೇಲಿ ಬಡಿಸ್ತಾವ್ರೆ ಅವರು. ಸುಮ್ಕೆ ಉಣ್ಣಿ" ಎಂದರು. ಚಿಕ್ಕರಂಗಯ್ಯ ಕೈ ಹೊರಗೆ ತೆಗೆದು, ಎಲೆಯ ಮೇಲಿಟ್ಟು, ಹೆಂಡತಿ ಮೊದಲ ತುತ್ತು ಬಾಯಿಗಿಡುವ ತನಕ ಕಾದು, ಆಮೇಲೆ ತಾವೂ ಉಂಡರು.